ಬಾಯಿಲ್ಲದ ಜರ್ಮನ್ ಗಿರಣಿ

ರೋಣದ ಪೇಟೆಯಲ್ಲಿ ಗುರುಸಂಗಪ್ಪನವರ ಮಾತೆಂದರೆ ತೂಕದ ಮಾತು. ಕಡಲೆಯಿರಲಿ, ಜೋಳವಿರಲಿ, ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು, ಒಮ್ಮೆ ಊದಿ ಅವರು ಏನಾದರೂ ಹೇಳಿದರೆ ಸುತ್ತಲಿನ ಹಳ್ಳಿಗಳ ರೈತರೆಲ್ಲ ತಲೆದೂಗುತ್ತಿದ್ದರು. ಆದರೆ ಈ ಪ್ರತಾಪವೆಲ್ಲ ಕಾಳಿನ ದಲಾಲಿಯ ಅಡತಿ ಅಂಗಡಿಯ ಗಾದಿಯಿಂದ ಏಳುವವರೆಗೆ ಮಾತ್ರ. ಮನೆಯ ಹೊಸ್ತಿಲು ದಾಟಿದ ಮೇಲೆ ತಲೆದೂಗುವ ಕೆಲಸ ಅವರದೇ. ಅಲ್ಲಿ ಮಾತು ನಡೆಯುತ್ತಿದ್ದದ್ದು ಅವರ ಧರ್ಮಪತ್ನಿ ಸಿದ್ದಲಿಂಗವ್ವನದು.

ಹಾಗಂತ ಸಿದ್ದಲಿಂಗವ್ವ ಜಗಳಗಂಟಿ ಎಂದು ಯಾರೂ ತಿಳಿಯಬಾರದು. (ತಿಳಿದರೂ ಆಕೆಯ ಎದುರಿಗೆ ಹೇಳಬಾರದು.) ಆಕೆ ಆಡುತ್ತಿದ್ದದ್ದೇ ಕಡಿಮೆ. ಆದರೆ ಆಡಿದ್ದಕ್ಕೆ ಮರುಮಾತು ಹುಡುಕುವಷ್ಟರಲ್ಲಿ ಗುರುಸಂಗಪ್ಪನವರ ಊಟ ಮುಗಿದು, ಕೈ ಒಣಗಿ, ವಿಷಯವೇ ಹಳೆಯದಾಗಿಬಿಟ್ಟಿರುತ್ತಿತ್ತು.

ಐವತ್ತಾರನೆಯ ಇಸವಿಯ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಒಂದು ಮಧ್ಯಾಹ್ನ ಅವರು ರೊಟ್ಟಿ ಮುರಿದು ಬಾಯಿಗಿಟ್ಟು ಕೆಮ್ಮತೊಡಗಿದರು.

“ಏನಿದು, ರೊಟ್ಟಿ ಖಾರ ಅದಾವಲ್ಲ?” ಎಂದರು, ನೀರಿನ ತಂಬಿಗೆಗೆ ಕೈಚಾಚುತ್ತ.

“ರೊಟ್ಟಿ ಖಾರಿಲ್ಲ. ಹುಚ್ಚಪ್ಪನ ಗಿರಣಿ ಖಾರೈತಿ,” ಎಂದಳು ಸಿದ್ದಲಿಂಗವ್ವ, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ. “ನಮಗಿಂತ ಮೊದಲ ಯಾರೋ ಮೆಣಸಿನಕಾಯಿ ಕುಟ್ಟಿಸ್ಯಾರ. ಹೋದ ಸಲ ಕಡ್ಲಿ ಹಿಟ್ಟು ಕೂಡಿತ್ತು. ಇಡೀ ಪ್ಯಾಟ್ಯಾಗಿನ ಜ್ವಾಳಾ ನಿಮ್ಮ ಅಂಗಡ್ಯಾಗ ಬಂದು ಬೀಳತೈತಿ. ಆ ಜ್ವಾಳಾ ಹಿಟ್ಟಾಗಬೇಕಂದ್ರ ನಾ ಹುಚ್ಚಪ್ಪನ ಬಾಗಲ್ದಾಗ ಬುಟ್ಟಿ ಹೊತ್ತು ನಿಂದರಬೇಕು.”

ಒಲೆಯ ಹತ್ತಿರ ಕೂತಿದ್ದ ಗುರುಸಂಗಪ್ಪನವರ ತಾಯಿ ಬಾಳವ್ವನಿಗೆ ಕಿವಿ ಮಂದ. ಆದರೂ ಸೊಸೆಯ ಮಾತುಗಳಲ್ಲಿ ತನಗೆ ಬೇಕಾದದ್ದು ಆಕೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. “ನಾವು ಬೀಸೂಕಲ್ಲಿನ್ಯಾಗ ಬೀಸತಿದ್ವಿ,” ಎಂದಳು.

“ಹೌದ್ರಿ ಅತ್ತೀ. ಅದಕ್ಕ ನಿಮ್ಮ ಮಗನ್ನೂ ಒಂದೀಟು ಕೂಡಸ್ರಿ, ನೋಡೂಣು,” ಎಂದಳು ಸೊಸೆ.

ಗುರುಸಂಗಪ್ಪನವರು ಇನ್ನೊಂದು ಗುಟುಕು ನೀರು ಕುಡಿದರು. ಆಗಲೇ ಅವರ ತಲೆಯೊಳಗೆ ದೀಪ ಹತ್ತಿತು. ಮನೆಗೇ ಒಂದು ಗಿರಣಿ ತಂದರೆ? ಹೆಂಡತಿಯ ಬಾಯಿ ಮುಚ್ಚುತ್ತದೆ; ಹುಚ್ಚಪ್ಪನ ಸೊಕ್ಕು ಇಳಿಯುತ್ತದೆ; ಓಣಿಯೆಲ್ಲ ತಮ್ಮನ್ನು ಹೊಗಳುತ್ತದೆ. (ಗಂಡಸರ ತಲೆಯಲ್ಲಿ ದೀಪ ಹತ್ತಿದಾಗಲೇ ಹೆಂಗಸರು ಎಚ್ಚರವಾಗಬೇಕು. ಅವೊತ್ತು ಸಿದ್ದಲಿಂಗವ್ವನ ಲಕ್ಷ್ಯ ಹಂಚಿನ ಮೇಲಿತ್ತು.)

ಆ ವಾರವೇ ಗದಗಿನಲ್ಲಿ, ಮುಚ್ಚಿಹೋದ ಒಂದು ಅರಳೆ ಕಾರ್ಖಾನೆಯ ಸಾಮಾನುಗಳನ್ನು ಹರಾಜು ಹಾಕುವ ಲಿಲಾವಿತ್ತು. ಗುರುಸಂಗಪ್ಪನವರು ಮೊದಲ ಬಸ್ಸಿಗೇ ಹೊರಟರು. ಅವರು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವರು. ಅದರ ಮೇಲೆ ಇಂಗ್ಲಿಷ್ ಶಾಲೆಯಲ್ಲಿ ಒಂದು ಮಳೆಗಾಲ ಕೂತು ಎದ್ದುಬಂದಿದ್ದರು. ಆ ಮಳೆಗಾಲದ ಇಂಗ್ಲಿಷು ಅವರಿಗೆ ಇಲ್ಲಿಯವರೆಗೆ ಕೈಕೊಟ್ಟಿರಲಿಲ್ಲ. ಕೈಕೊಡುವಂಥ ಪ್ರಸಂಗವೇ ಬಂದಿರಲಿಲ್ಲ.

ಲಿಲಾವು ಕೂಗುವವನು ಒಂದು ದೊಡ್ಡ ಕಬ್ಬಿಣದ ಆಕೃತಿಯ ಮುಂದೆ ನಿಂತು, “ಜರ್ಮನ್ ಮಿಲ್ಲಿಂಗ್ ಮಷಿನ್, ಹಳೇ ಕಾಲದ್ದು, ಗಟ್ಟಿ ಮಾಲು,” ಎಂದು ಕೂಗಿದ. ಉಳಿದವರು ಬೀಡಿ ಹಚ್ಚಿಕೊಂಡರು. ಗುರುಸಂಗಪ್ಪನವರು ಮಾತ್ರ ಒಂದು ಹೆಜ್ಜೆ ಮುಂದೆ ಬಂದರು. ಮಿಲ್ ಅಂದರೆ ಗಿರಣಿ. ಮಿಲ್ಲಿಂಗ್ ಅಂದರೆ ಬೀಸುವುದು. ಅದೂ ಜರ್ಮನ್! ತಮಗೆ ತಿಳಿದದ್ದು ಈ ಮಂದಿಗೆ ತಿಳಿಯುವ ಮೊದಲೇ ವ್ಯವಹಾರ ಮುಗಿಯಲೆಂದು ಅವರು ಕೈ ಎತ್ತಿದರು. ಬೇರೆ ಯಾರೂ ಕೈ ಎತ್ತಲಿಲ್ಲ. ಇದನ್ನು ಅವರು ತಮ್ಮ ಜಾಣತನಕ್ಕೆ ಸಾಕ್ಷಿ ಎಂದುಕೊಂಡರು.

ಸಂಜೆ ಮನೆಗೆ ಬಂದವರೇ ಕೋಟು ಬಿಚ್ಚುವ ಮೊದಲೇ ಸುದ್ದಿ ಹೇಳಿದರು. “ಏ, ಕೇಳಿಲ್ಲಿ. ನಾಳೆ ನಮ್ಮ ಮನಿಗಿ ಜರ್ಮನ್ ಗಿರಣಿ ಬರತೈತಿ.”

ಸಿದ್ದಲಿಂಗವ್ವನ ಮುಖ ಅರಳುವ ಬದಲು ಬಾಡಿತು. “ಜರ್ಮನ್ ಯಾಕ ತರಾಕ ಹೋಗಿದ್ರಿ? ಸಂತ್ಯಾಗ ಜರ್ಮನ್ ಪಾತೇಲಿ ಒಂದು ತಂದಿದ್ದೆ. ಬೆಳ್ಳಗ ಕಾಣತೈತಿ, ಹಗೂರ ಇರತೈತಿ, ಎರಡ ದಿನದಾಗ ತಳಾ ತೂತ ಬೀಳತೈತಿ.”

ಅಲ್ಯುಮಿನಿಯಂ ಪಾತ್ರೆಗೆ ಆ ಸೀಮೆಯ ಹೆಂಗಸರೆಲ್ಲ ಜರ್ಮನ್ ಎನ್ನುತ್ತಿದ್ದರು. ಗುರುಸಂಗಪ್ಪನವರು ಬಹಳ ದಿನಗಳ ಮೇಲೆ ಹೆಂಡತಿಯೆದುರು ನಕ್ಕರು. “ಇದು ಆ ಜರ್ಮನ್ ಅಲ್ಲ. ಇದು ದೇಶ. ಇದರ ತೂಕಾ ನೋಡಿದ ಮ್ಯಾಲ ಮಾತಾಡು.”

ಮರುದಿನ ತೂಕವನ್ನು ಮೊದಲು ನೋಡಿದ್ದು ಬಂಡಿ ಹೊಡೆಯುವ ಮಾಳಪ್ಪನ ಎತ್ತುಗಳು. ಗದಗಿನಿಂದ ಬಂದ ಲಾರಿ ಓಣಿಯೊಳಗೆ ಹಿಡಿಸದಿದ್ದುದರಿಂದ ಯಂತ್ರವನ್ನು ಮಾಳಪ್ಪನ ಬಂಡಿಗೆ ಇಳಿಸಿದರು. ಎತ್ತುಗಳು ಒಂದು ಹೆಜ್ಜೆ ಇಟ್ಟು, ನಿಂತು, ತಮ್ಮ ಹಿಂದೆ ಕಟ್ಟಿದ್ದು ಬಂಡಿಯೋ ಮಠದ ಗೋಡೆಯೋ ಎಂಬಂತೆ ಹಿಂದಿರುಗಿ ನೋಡಿದವು. ಮಾಳಪ್ಪನೂ ನೋಡಿದ. “ಸಾವ್ಕಾರ್ರ, ಇದರಾಗ ಹಿಟ್ಟು ಮೊದಲ ತುಂಬಿ ಕೊಟ್ಟಾರೇನ್ರಿ?” ಎಂದು ಕೇಳಿದ. ಕೊನೆಗೆ ಓಣಿಯ ಗಂಡಸರೆಲ್ಲ ಸೇರಿ, ಬಂಡಿ ದೂಡಿ, ದುಂಡು ಕಟ್ಟಿಗೆಗಳ ಮೇಲೆ ಉರುಳಿಸಿ, ಬಾಗಿಲಿನ ಒಂದು ಪಕ್ಕದ ಚೌಕಟ್ಟು ಕಿತ್ತು, ಜರ್ಮನಿಯನ್ನು ಪಡಸಾಲೆಯೊಳಗೆ ತಂದು ನಿಲ್ಲಿಸಿದರು.

ನಿಂತ ಮೇಲೆ ಅದರ ಗಾಂಭೀರ್ಯ ತಿಳಿಯಿತು. ಎದೆಮಟ್ಟಕ್ಕಿಂತ ಎತ್ತರದ ಕಬ್ಬಿಣದ ಕಂಬ. ಕಂಬದ ತಲೆಯಿಂದ ಮುಂದಕ್ಕೆ ಚಾಚಿದ ದಪ್ಪ ತೋಳು. ತೋಳಿನ ಕೆಳಗೆ ಉದ್ದನೆಯ ಕಬ್ಬಿಣದ ಮೇಜು. ಮೇಜಿನ ಸುತ್ತ ತಿರುವುವ ಹಿಡಿಕೆಗಳು. ಎಲ್ಲದರ ಮೇಲೆ ಹಳೆಯ ಧೂಳು, ಅರಳೆಯ ಎಳೆ, ಕೆಂಪಗೆ ತುಕ್ಕು.

ಸಿದ್ದಲಿಂಗವ್ವ ಸ್ನಾನ ಮಾಡಿ, ಯಂತ್ರಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದಳು. ಪಕ್ಕದ ಮನೆಯ ಸುಗರಾ, ಎದುರು ಮನೆಯ ಹೆಂಗಸರು, ಎಲ್ಲರೂ ಬಂದು ನಿಂತರು. ಆಮೇಲೆ ಸಿದ್ದಲಿಂಗವ್ವ ಸೇರು ಜೋಳ ಹಿಡಿದುಕೊಂಡು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಮತ್ತೊಂದು ಹಾಕಿದಳು.

“ಏನ್ರಿ, ಇದರ ಬಾಯಿ ಎಲ್ಲೈತಿ?”

ಗುರುಸಂಗಪ್ಪನವರು ಬಲಗಡೆಯ ಹಿಡಿಕೆಯನ್ನು ಶಕ್ತಿಯೆಲ್ಲ ಹಾಕಿ ತಿರುವಿದರು. ಮೇಜು ಕಿರುಗುಡುತ್ತ ಬದಿಗೆ ಸರಿಯಿತು. ಮತ್ತೊಂದನ್ನು ತಿರುವಿದರು. ಮೇಜು ಮುಂದೆ ಬಂದು ಅವರ ಹೊಟ್ಟೆಗೆ ಒತ್ತಿತು. ಕೆಳಗಿನದನ್ನು ತಿರುವಿದರು. ಮೇಜು ಇಡಿಯಾಗಿ ಮೇಲಕ್ಕೆ ಏರತೊಡಗಿತು.

“ಎಲ್ಲಾ ಮಾಡತೈತಿ, ತಿನ್ನೂದೊಂದು ಬಿಟ್ಟು,” ಎಂದಳು ಸುಗರಾ.

“ಜರ್ಮನಿಯೊಳಗ ಬೀಸೋ ರೀತಿನ ಬ್ಯಾರೆ,” ಎಂದರು ಗುರುಸಂಗಪ್ಪ, ಬೆವರೊರೆಸಿಕೊಳ್ಳುತ್ತ. ಎರಡು ಹಿಡಿ ಜೋಳವನ್ನು ಮೇಜಿನ ಮೇಲೆ ಸುರಿದು ನೋಡಿದ್ದೂ ಆಯಿತು. ಕಾಳುಗಳು ಮೇಜಿನ ಸೀಳುಗಳಲ್ಲಿ ಸಾಲಾಗಿ ಕೂತವು. ಅವನ್ನು ಮತ್ತೆ ಹೊರತೆಗೆಯಲು ಸಿದ್ದಲಿಂಗವ್ವ ತನ್ನ ತಲೆಯ ಪಿನ್ನನ್ನೇ ಬಿಚ್ಚಬೇಕಾಯಿತು.

ಆ ವಾರದ ಕೊನೆಗೆ ಸಿದ್ದಲಿಂಗವ್ವನ ತಮ್ಮ ಹೂವಪ್ಪ ಬಂದ. ಅವನು ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದ. ಅಕ್ಕ ಹೇಳಿಕಳಿಸಿದ್ದಳು. ಬಂದವನು ಕಾಲು ತೊಳೆದುಕೊಂಡು ಪಡಸಾಲೆಗೆ ಕಾಲಿಟ್ಟ, ಯಂತ್ರ ನೋಡಿದ, ಅಕ್ಕನ ಗಂಡನಾದ ಮಾವನ ಮುಖ ನೋಡಿದ, ಹೆಗಲಿನ ಟವಲಿನಿಂದ ಬಾಯಿ ಮುಚ್ಚಿಕೊಂಡ.

“ಮಾಮಾರ, ಇದು ಹಿಟ್ಟಿನ ಗಿರಣಿ ಅಲ್ರಿ. ಕಬ್ಬಿಣಾ ಕೆತ್ತೋ ಯಂತ್ರ. ಇಲ್ಲಿ ಹಲ್ಲಿನ ಗಾಲಿ ತಿರುಗತೈತಿ, ಮೇಜಿನ ಮ್ಯಾಲ ಕಬ್ಬಿಣಾ ಕಟ್ಟಿ ಅದರ ಕೆಳಗ ಸರಸ್ತಾರ. ಇದಕ್ಕೂ ಮಿಲ್ಲಿಂಗ್ ಅಂತಾರ.”

ಬಾಳವ್ವ, “ಏನಂದಾ?” ಎಂದಳು. ಯಾರೂ ಹೇಳಲಿಲ್ಲ.

ಮಾವನ ಮುಖ ಬಾಡಿದ್ದು ನೋಡಿ ಹೂವಪ್ಪನಿಗೆ ಪಾಪ ಎನ್ನಿಸಿತು. ಅವನು ಕಂಬದ ಬದಿಯ ಮಣ್ಣನ್ನು ಕೆರೆದ. ಒಳಗಿಂದ ಒಂದು ಹಿತ್ತಾಳೆ ಪಟ್ಟಿ ಕಂಡಿತು. ಅದರ ಮೇಲೆ ಊರಿನ ಹೆಸರೂ ಇಸವಿಯೂ ಇದ್ದವು. “ಕೆಮ್ನಿಟ್ಸ್ ಅನ್ನೋ ಊರಿಂದು. ಮೊದಲನೇ ಲಡಾಯಿಗಿಂತ ಹಿಂದಿಂದು. ಮಾಮಾರ, ಇಂಥಾವು ಈಗ ಕಣ್ಣಿಗೆ ಬೀಳೂದಿಲ್ಲ. ಎಲ್ಲಾ ಒಡದು, ಕರಗಿಸಿಬಿಟ್ಟಾರ. ಖರೇ ಹೇಳಬೇಕಂದ್ರ ಇದನ್ನ ಜತನ ಮಾಡಿ ಇಡಬೇಕ್ರಿ.”

ಮುಳುಗುವವರಿಗೆ ಈ ಹುಲ್ಲುಕಡ್ಡಿ ಸಾಕಾಯಿತು. ಗುರುಸಂಗಪ್ಪನವರು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. “ಅದಕ್ಕ ತಂದೀನಿ,” ಎಂದರು.

“ಯಾದಕ್ಕ?” ಎಂದಳು ಸಿದ್ದಲಿಂಗವ್ವ.

“ಜತನ ಮಾಡಾಕ.”

“ಮೊನ್ನೆ ಜ್ವಾಳಾ ಸುರದಿದ್ದು?”

“ಅದು ಪರೀಕ್ಷಾ.”

ಹೀಗೆ ಪ್ರಾರಂಭವಾಯಿತು ಗುರುಸಂಗಪ್ಪನವರ ಯಂತ್ರ ಸಂರಕ್ಷಣಾ ಮಹಾಕಾರ್ಯ. ಮಾನ ಉಳಿಸಿಕೊಳ್ಳಲು ಆಡಿದ ಮಾತನ್ನು ಮಾನ ಉಳಿಸಿಕೊಳ್ಳಲಿಕ್ಕೇ ನಡೆಸಬೇಕಾಗಿ ಬಂತು. ಅಂಗಡಿಗೆ ಹೋಗುವ ಮೊದಲು ಒಂದು ತಾಸು, ಬಂದ ಮೇಲೆ ಎರಡು ತಾಸು, ಅವರು ಧೋತರ ಮೇಲೆ ಕಟ್ಟಿಕೊಂಡು ಯಂತ್ರದ ಮುಂದೆ ಕೂರತೊಡಗಿದರು. ತುಕ್ಕು ಕೆರೆಯಲು ತೆಂಗಿನ ನಾರು. ಒರೆಸಲು ಅರಿವೆ. ಅರಿವೆ ಎಲ್ಲಿಂದ ಬಂತೆಂದು ಸಿದ್ದಲಿಂಗವ್ವನಿಗೆ ತಿಳಿದದ್ದು ಪೆಟ್ಟಿಗೆ ತೆರೆದಾಗ.

“ನನ್ನ ಇಳಕಲ್ ಸೀರಿ ಎಲ್ಲಿ?”

“ಹರದಿತ್ತಲ್ಲ ಅದು.”

“ಸೆರಗಷ್ಟ ಹರದಿತ್ತು. ಈಗ ಸೆರಗೊಂದ ಉಳದೈತಿ.”

ಹೂವಪ್ಪ ಹೋಗುವಾಗ ಹೇಳಿ ಹೋಗಿದ್ದ: ನೀರು ಮುಟ್ಟಿಸಬೇಡಿ, ಮಷಿನ್ ಎಣ್ಣೆ ಹಾಕಿ. ಗುರುಸಂಗಪ್ಪನವರು ಎಣ್ಣೆಯಲ್ಲಿ ಜಾತಿಭೇದ ಮಾಡಬಾರದೆಂದು ಯೋಚಿಸಿ, ಅಡುಗೆಮನೆಯ ಕುಸುಬಿ ಎಣ್ಣೆಯನ್ನೇ ಧಾರಾಳವಾಗಿ ಸುರಿದರು. ನಾಲ್ಕಾರು ದಿನದ ಬಿಸಿಲಿಗೆ ಆ ಎಣ್ಣೆ ಬಿಗಿದು, ಹಳದಿಯಾಗಿ, ಜಾಲಿಯ ಅಂಟಿನ ಹಾಗಾಯಿತು. ಯಾವ ಹಿಡಿಕೆಯೂ ತಿರುಗದು. ಇಷ್ಟು ದಿನ ಬಾಯಿಲ್ಲದ ಯಂತ್ರಕ್ಕೆ ಈಗ ಕೈಕಾಲೂ ಇಲ್ಲದಾಯಿತು. ಗುರುಸಂಗಪ್ಪನವರು ಮೇಜನ್ನು ತಬ್ಬಿಕೊಂಡು ಎಳೆದರು. ಸಿದ್ದಲಿಂಗವ್ವ ಬಾಗಿಲಿಗೆ ಒರಗಿ ನಿಂತು ಬಹಳ ಹೊತ್ತು ನೋಡಿದಳು.

“ಬಾಣಲಿಗೆ ಹತ್ತಿದ ಕುಸುಬಿ ಎಣ್ಣಿ ಜಿಗಟು ಹ್ಯಾಂಗ ತಗೀತಾರ ಅಂತ ಅಡಗಿಮನ್ಯಾಗ ಯಾರನ್ನರ ಕೇಳಿದ್ರ ಹೇಳತಿದ್ರು,” ಎಂದಳು.

“ಹ್ಯಾಂಗ ತಗೀತಾರ?” ಎಂದರು ಗುರುಸಂಗಪ್ಪ, ಮೇಜು ಬಿಡದೆಯೇ.

ಆಕೆ ಚಿಮಣಿ ದೀಪಕ್ಕೆ ಹಾಕುವ ಸೀಮೆಎಣ್ಣೆಯ ಬಾಟಲಿ ತಂದು ಮೇಜಿನ ಮೇಲಿಟ್ಟು ಒಳಗೆ ಹೋದಳು. ಸಂಜೆಗೆ ಜಿಗಟು ಕರಗಿತು. ಮರುದಿನ ಅವರು ಗದಗಿನಿಂದ ಮಷಿನ್ ಎಣ್ಣೆ ತರಿಸಿದರು. ಹಿಡಿಕೆ ಮುಟ್ಟಿದರೆ ಸಾಕು, ಮೇಜು ನೀರಿನ ಮೇಲೆ ಎಲೆ ಸರಿದಂತೆ ಸರಿಯಿತು.

ಅಲ್ಲಿಂದ ಮುಂದೆ ನಡೆದದ್ದನ್ನು ಗುರುಸಂಗಪ್ಪನವರೇ ನಿರೀಕ್ಷಿಸಿರಲಿಲ್ಲ. ಮಾನಕ್ಕಾಗಿ ಹಿಡಿದ ಕೆಲಸ ಮನಸ್ಸಿಗೆ ಹತ್ತಿಬಿಟ್ಟಿತು. ತುಕ್ಕಿನ ಕೆಳಗಿನಿಂದ ಒಂದೊಂದೇ ಅಂಗುಲ ಬೂದುಬಣ್ಣದ ನುಣುಪು ಕಬ್ಬಿಣ ಮೇಲೆ ಬರುವುದನ್ನು ನೋಡುವಾಗ ಅವರಿಗೆ ಒಳಗೇ ತಂಪಾಗುತ್ತಿತ್ತು. ಹಿಡಿಕೆಯ ಬಳೆಯ ಮೇಲೆ ಕೂದಲೆಳೆಯಂಥ ಗೆರೆಗಳನ್ನು ಯಾರೋ ಎಷ್ಟು ಸಾವಧಾನವಾಗಿ ಕೊರೆದಿದ್ದರು. ಅವರು ಎಲ್ಲಿಯವರೋ, ಈಗ ಬದುಕಿದ್ದಾರೋ ಇಲ್ಲವೋ. ಅಂಗಡಿಯಲ್ಲಿ ಕಡಲೆ ಊದುವಾಗಲೂ ಅವರಿಗೆ ಆ ಗೆರೆಗಳು ನೆನಪಾಗುತ್ತಿದ್ದವು. ಮನೆಗೆ ಬಂದವರಿಗೆಲ್ಲ, “ನಮ್ಮ ಅವ್ವನ ವಾರಿಗೀದು,” ಎಂದು ಯಂತ್ರ ತೋರಿಸಿದರು. ಬಾಳವ್ವ ಅದರ ಪಕ್ಕದಲ್ಲೇ ಜಪಮಣಿ ಹಿಡಿದು ಕೂರುತ್ತಿದ್ದುದರಿಂದ ಹೋಲಿಸಿ ನೋಡಲು ಬಂದವರಿಗೂ ಅನುಕೂಲವಾಗಿತ್ತು.

ಮನೆಯಲ್ಲಿ ಒಂದು ಕಾನೂನೂ ಜಾರಿಯಾಯಿತು. ಯಂತ್ರವನ್ನು ಬೇರೆ ಯಾರೂ ಮುಟ್ಟಬಾರದು.

ರಮಜಾನ್ ತಿಂಗಳು ನಡೆದಿತ್ತು. ಗುರುಸಂಗಪ್ಪನವರು ಕಡಲೆ ವ್ಯಾಪಾರಕ್ಕೆ ನರಗುಂದಕ್ಕೆ ಹೋದವರು ಹಾಗೆಯೇ ಕೊಣ್ಣೂರಿನಲ್ಲಿ ನೆಂಟರ ಮದುವೆ ಮುಗಿಸಿಕೊಂಡು ನಾಲ್ಕನೆಯ ದಿನ ಊರಿಗೆ ಬಂದರು. ಓಣಿಯ ಬಾಯಿಗೆ ಬಂದಾಗಲೇ ಏನೋ ವಿಶೇಷವಿದೆ ಎನ್ನಿಸಿತು. ತಮ್ಮ ಮನೆಯ ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ, ಎದುರು ಮನೆಯ ಹೊರಸುಗಳ ಮೇಲೆ, ಎಲ್ಲಿ ನೋಡಿದರಲ್ಲಿ ಶಾವಿಗೆ ಒಣಗುತ್ತಿತ್ತು. ಸಣ್ಣ, ಬೆಳ್ಳಗಿನ, ಒಂದೇ ಸಮನಾದ ಎಳೆಗಳು.

ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಪಡಸಾಲೆ ತುಂಬ ಹೆಂಗಸರು. ಜರ್ಮನ್ ಯಂತ್ರದ ಮೇಜಿನ ಮೇಲೆ ತೂತಿನ ಒಂದು ಎತ್ತರದ ಮಣೆ. ಮಣೆಯ ತೂತಿನಲ್ಲಿ ಹಿತ್ತಾಳೆಯ ಶಾವಿಗೆ ಒರಳು. ಒರಳಿನೊಳಗೆ ಗೋಧಿ ಹಿಟ್ಟಿನ ಮುದ್ದೆ. ಮುದ್ದೆಯ ಮೇಲೆ ಕಟ್ಟಿಗೆಯ ಗುಂಡು. ಗುಂಡಿನ ತಲೆ ಯಂತ್ರದ ದಪ್ಪ ತೋಳಿಗೆ ಆನಿಕೊಂಡಿತ್ತು. ಸಿದ್ದಲಿಂಗವ್ವ ಕೆಳಗಿನ ಹಿಡಿಕೆಯನ್ನು ಒಂದೇ ಕೈಯಿಂದ ತಿರುವುತ್ತಿದ್ದಳು. ಮೇಜು ಮೇಲೇರುತ್ತಿತ್ತು, ಗುಂಡು ಹಿಟ್ಟನ್ನು ಒತ್ತುತ್ತಿತ್ತು, ಮಣೆಯ ಕೆಳಗಿನಿಂದ ಶಾವಿಗೆ ಇಳಿದಿಳಿದು ಬರುತ್ತಿತ್ತು. ಸುಗರಾ ಅದನ್ನು ಕೋಲಿನ ಮೇಲೆ ಎತ್ತಿಕೊಳ್ಳುತ್ತಿದ್ದಳು. ಪ್ರತಿ ವರ್ಷ ಇಬ್ಬರು ಹೆಂಗಸರು ಜೋತುಬಿದ್ದು ಒತ್ತಿದರೂ ಮಿಸುಕದ ಹಿಟ್ಟು ಈಗ ಹಾಡುತ್ತ ಹೊರಬೀಳುತ್ತಿತ್ತು.

“ಏನು ನಡಸೀರಿ ಇಲ್ಲಿ?” ಎಂದರು ಗುರುಸಂಗಪ್ಪ.

“ಬಂದ್ರೇನ್ರಿ? ಕಾಲು ತೊಳ್ಕೋರಿ,” ಎಂದಳು ಸಿದ್ದಲಿಂಗವ್ವ, ಕೈ ನಿಲ್ಲಿಸದೆ.

“ಕೆಮ್ನಿಟ್ಸ್‌ದಾಗಿನ ಮಂದಿ ನೋಡಿದ್ರ ಏನಂದಾರು?”

“ಬಂದ್ರ ಒಂದೀಟು ಶಾವಿಗಿ ಕಟ್ಟಿ ಕೊಡ್ತೀವಿ.”

ಸುಗರಾ ಸೆರಗು ಸರಿಮಾಡಿಕೊಂಡು, “ಅಣ್ಣಾರ, ಅಕ್ಕನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಹಬ್ಬ ಹತ್ತರ ಬಂತು, ಉಪಾಸದಾಗ ಒತ್ತಾಕ ತ್ರಾಣ ಸಾಲೂದಿಲ್ಲಂತ ನಾನ ಅಳಾಕ ಹತ್ತಿದ್ದೆ. ಅಕ್ಕ ಈ ಹಿಕಮತ್ತು ಮಾಡಿದ್ಲು,” ಎಂದಳು.

ಗುರುಸಂಗಪ್ಪನವರು ಯಂತ್ರದ ಹತ್ತಿರ ಹೋಗಿ, ಬಗ್ಗಿ, ಸೀಳುಗಳಲ್ಲಿ ಬೆರಳಾಡಿಸಿದರು. ಒಂದು ಕಣ ಹಿಟ್ಟಿಲ್ಲ. ಮಣೆಯ ಕೆಳಗೆ ದಪ್ಪ ಅರಿವೆ ಹಾಸಿತ್ತು. ತಿರುಪಿಗೆ ಹೊಸ ಎಣ್ಣೆ ಬಿದ್ದಿತ್ತು. ಗದಗಿನ ಮಷಿನ್ ಎಣ್ಣೆಯೇ, ತಪ್ಪಿಯೂ ಕುಸುಬಿಯದಲ್ಲ. ಬಯ್ಯಲು ಎಲ್ಲಿಯೂ ಜಾಗವಿರಲಿಲ್ಲ. ಇದರಿಂದ ಅವರಿಗೆ ಮತ್ತಷ್ಟು ಸಿಟ್ಟು ಬಂತು. ಆ ಸಿಟ್ಟು ಊಟಕ್ಕೆ ಕೂರುವವರೆಗೆ ಇತ್ತು. ತಾಟಿನಲ್ಲಿ ಬಿಸಿ ಶಾವಿಗೆ, ಅದರ ಮೇಲೆ ಬೆಲ್ಲ, ತುಪ್ಪ, ಹಾಲು ಬಿದ್ದ ಮೇಲೆ ಸಿಟ್ಟನ್ನು ಇಟ್ಟುಕೊಳ್ಳಲು ಬಾಯಿ ಖಾಲಿ ಇರಲಿಲ್ಲ.

ಹಬ್ಬಕ್ಕೆ ಇನ್ನೂ ಕೆಲವು ದಿನವಿರುವಾಗ ಹೂವಪ್ಪ ಮತ್ತೆ ಬಂದ. ನೇರ ಅಂಗಡಿಗೇ ಬಂದ. ಹುಬ್ಬಳ್ಳಿಯ ಒಂದು ತಾಂತ್ರಿಕ ಶಾಲೆಯ ಪ್ರಿನ್ಸಿಪಾಲರು ಹಳೆಯ ಯಂತ್ರಗಳನ್ನು ಕೂಡಿಹಾಕಿ ಒಂದು ದೊಡ್ಡ ಕೋಣೆಯಲ್ಲಿ ಜೋಡಿಸಿ ಇಡುತ್ತಿದ್ದಾರಂತೆ. ಹೂವಪ್ಪ ಮಾವನ ಯಂತ್ರದ ವಿಷಯ ಹೇಳಿದ್ದ. ಅವರು ಕುಣಿದುಬಿಟ್ಟರಂತೆ.

“ನೀವು ಕೊಟ್ರ ಅದರ ಮ್ಯಾಲ ಹಿತ್ತಾಳಿ ಪಟ್ಟಿ ಹಾಕಸ್ತಾರಂತ್ರಿ ಮಾಮಾರ. ನಿಮ್ಮ ಹೆಸರು ಕೊರದು.”

“ಹಿತ್ತಾಳ್ಯಾಗ?”

“ಹಿತ್ತಾಳ್ಯಾಗ.”

ಗುರುಸಂಗಪ್ಪನವರು ಅಲ್ಲಿಯೇ ಹೂಂ ಅಂದುಬಿಟ್ಟರು. ಕಡಲೆಯ ಚೀಲದ ಮೇಲೆ ಮಸಿಯಿಂದ ಬರೆದ ತಮ್ಮ ಹೆಸರನ್ನೇ ನೋಡುತ್ತ ಬಂದವರು ಅವರು. ಹಿತ್ತಾಳೆಯಲ್ಲಿ ಹೆಸರು ಎಂದರೆ ಅವರ ಮನೆತನದಲ್ಲಿ ಇದುವರೆಗೆ ತಂಬಿಗೆಯ ಮೇಲೆ ಮಾತ್ರ ಇತ್ತು. ಹಬ್ಬ ಮುಗಿದ ವಾರ ಪ್ರಿನ್ಸಿಪಾಲರು ಲಾರಿ ತರುವುದೆಂದು ನಿಶ್ಚಯವಾಯಿತು.

ಆದರೆ ಆ ಸಂಜೆ ಧೋತರ ಮೇಲೆ ಕಟ್ಟಿಕೊಂಡು ಯಂತ್ರದ ಮುಂದೆ ಕೂತಾಗ ಅವರಿಗೆ ಕೈ ಏಳಲಿಲ್ಲ. ಈ ಹಿಡಿಕೆಯ ಗೆರೆಗಳನ್ನು ಇನ್ನು ಯಾರು ಒರೆಸುತ್ತಾರೆ? ಆ ಕೋಣೆಯಲ್ಲಿ ಯಾರಾದರೂ ಕುಸುಬಿ ಎಣ್ಣೆ ಹಾಕಿದರೆ? ಪಡಸಾಲೆಯಲ್ಲಿ ಈ ಜಾಗ ಖಾಲಿಯಾದರೆ ತಾವು ಸಂಜೆ ಎಲ್ಲಿ ಕೂರಬೇಕು? ಕೊಡುವುದಿಲ್ಲವೆಂದು ಈಗ ಹೇಳಿದರೆ ಮಾತು ತಪ್ಪಿದಂತಾಗುತ್ತದೆ. ಪೇಟೆಯಲ್ಲಿ ಮಾತು ತಪ್ಪಿದ ವ್ಯಾಪಾರಿ ಎಂದರೆ ಬತ್ತಿದ ಬಾವಿ.

ಅವರಿಗೆ ಮತ್ತೆ ತಲೆಯಲ್ಲಿ ದೀಪ ಹತ್ತಿತು. ಸಿದ್ದಲಿಂಗವ್ವ ಇದ್ದಾಳಲ್ಲ. ಶಾವಿಗೆಯ ಯಂತ್ರ ಹೊರಟಿತು ಎಂದರೆ ಆಕೆ ಬಿಡುತ್ತಾಳೆಯೇ? ಲಾರಿಯ ಮುಂದೆ ಅಡ್ಡ ನಿಲ್ಲುತ್ತಾಳೆ. ಆಗ ತಾವು ಪ್ರಿನ್ಸಿಪಾಲರ ಕಡೆ ತಿರುಗಿ, “ನಾ ಕೊಡಾಂವನ ಇದ್ದೆ, ಏನ್ಮಾಡೂದ್ರಿ, ಮನ್ಯಾಗ ಒಪ್ಪವಲ್ರು,” ಎಂದರೆ ಮುಗಿಯಿತು. ಮಾತೂ ಉಳಿಯಿತು, ಯಂತ್ರವೂ ಉಳಿಯಿತು. ಹೆಂಡತಿಗೆ ಹೆದರುವುದರಲ್ಲಿ ಇಂಥ ಲಾಭವೂ ಇದೆಯೆಂದು ಇಷ್ಟು ವರ್ಷ ತಮಗೆ ಹೊಳೆಯಲಿಲ್ಲವಲ್ಲ ಎಂದು ಅವರು ಮರುಗಿದರು.

ಊಟದ ಹೊತ್ತಿಗೆ ಹೇಳಿದರು. “ಯಂತ್ರಾ ಹುಬ್ಬಳ್ಳಿಗಿ ಹೊಂಟೈತಿ. ಸಾಲಿಗೆ ಕೊಡಾಕ ಹೂಂ ಅಂದೀನಿ.” ಹೇಳಿ, ಗುಡುಗಿಗೆ ಕಾಯುವವರಂತೆ ಕಣ್ಣು ಕೆಳಗೆ ಹಾಕಿದರು.

“ಹೌದೇನ್ರಿ,” ಎಂದಳು ಸಿದ್ದಲಿಂಗವ್ವ. “ಇನ್ನೊಂದು ರೊಟ್ಟಿ ಹಾಕ್ಲೇನು?”

ಇದು ದೊಡ್ಡ ಮಳೆಯ ಮೊದಲಿನ ಸ್ತಬ್ಧತೆ ಎಂದುಕೊಂಡರು ಗುರುಸಂಗಪ್ಪ. ನೆಮ್ಮದಿಯಿಂದ ಇನ್ನೊಂದು ರೊಟ್ಟಿ ತಿಂದರು.

ಹೇಳಿದ ದಿನ ಹೂವಪ್ಪನನ್ನೂ ಕರೆದುಕೊಂಡು ಲಾರಿ ಬಂದು ಓಣಿಯ ಬಾಯಲ್ಲಿ ನಿಂತಿತು. ಪ್ರಿನ್ಸಿಪಾಲರು ಟೋಪಿ ತೆಗೆದು ಬಗಲಲ್ಲಿ ಇಟ್ಟುಕೊಂಡು ಯಂತ್ರದ ಸುತ್ತ ತಿರುಗಿದರು. ಹಿಡಿಕೆ ತಿರುವಿದರು. ಮೇಜು ಮೆಲ್ಲಗೆ ಮೇಲೇರಿತು. “ಆಹಾ,” ಎಂದರು. “ಗುರುಸಂಗಪ್ಪನವರ, ಎಷ್ಟು ಛಲೋ ಇಟ್ಟೀರಿ. ನಿಂತ ಮಷಿನ್‌ದಾಗ ಈ ತಿರುಪು ಬಿಗದು ಹೋಗಿರ್ತದ. ಇದು ನಿನ್ನೆ ಮೊನ್ನೆ ಓಡಿಸಿದ್ಹಂಗ ಅದ.” ಆಮೇಲೆ ಚೀಲದಿಂದ ಕಾಗದದಲ್ಲಿ ಸುತ್ತಿದ್ದ ಹಿತ್ತಾಳೆ ಪಟ್ಟಿ ಹೊರತೆಗೆದು ಅವರ ಕೈಗೆ ಕೊಟ್ಟರು. ಅದರ ಮೇಲೆ ದುಂಡಗೆ ಕೊರೆದಿತ್ತು: ಶ್ರೀ ಗುರುಸಂಗಪ್ಪನವರ ಪ್ರೀತಿಯ ಕೊಡುಗೆ.

ಕೂಲಿಗಳು ದುಂಡು ಕಟ್ಟಿಗೆ ತಂದರು. ಬಾಗಿಲಲ್ಲಿ ಸುಗರಾ ಮತ್ತು ಓಣಿಯ ಹೆಂಗಸರು ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು. ಗುರುಸಂಗಪ್ಪನವರು ಹೆಂಡತಿಯ ಕಡೆ ನೋಡಿದರು. ಆಕೆ ಗೋಡೆಗೆ ಒರಗಿ ನಿಂತಿದ್ದಳು. ಅವರು ಕೆಮ್ಮಿದರು. ಆಕೆ ಅಲುಗಲಿಲ್ಲ. ಕೂಲಿಯೊಬ್ಬ ಕಂಬಕ್ಕೆ ಹಗ್ಗ ಸುತ್ತಿದ.

“ಸಾಹೇಬ್ರ, ಒಂದು ಮಾತು,” ಎಂದರು ಗುರುಸಂಗಪ್ಪ ಅವಸರದಿಂದ. “ನಂದೇನಿಲ್ಲ. ಆದ್ರ ಮನಿಯವರು ಭಾಳ ಮನಸಿಗಿ ಹಚಗೊಂಡಾರ. ಅವರು ಒಪ್ಪೂದಿಲ್ಲೋ ಏನೋ.”

ಪ್ರಿನ್ಸಿಪಾಲರು ಸಿದ್ದಲಿಂಗವ್ವನ ಕಡೆ ತಿರುಗಿ ಕೈ ಮುಗಿದರು. “ಏನ್ರಿ ತಾಯಿ?”

“ನಂದೇನು ತಕರಾರಿಲ್ರಿ. ಒಯ್ರಿ,” ಎಂದಳು ಸಿದ್ದಲಿಂಗವ್ವ.

ಗುರುಸಂಗಪ್ಪನವರು ಹೆಂಡತಿಯ ಕಡೆಗೆ ಎರಡು ಹೆಜ್ಜೆ ಬಂದರು. “ಅಲ್ಲ, ಶಾವಿಗಿ?”

“ಮೊದಲಿನ್ಹಂಗ ಕೈಲೆ ಒತ್ತತೀವಿ.”

“ಸುಗರಾಗ ತ್ರಾಣ ಸಾಲೂದಿಲ್ಲಲ್ಲ?”

“ಹಬ್ಬ ಮುಗೀತಲ್ರಿ. ಈಗ ಉಂಡು ಗಟ್ಟ್ಯಾಗ್ಯಾಳ.”

“ಅವ್ವಗ? ಅವ್ವ ದಿನಾ ಇದಕ್ಕ ಬೆನ್ನು ಹಚ್ಚಿ ಕುಂದರತಾಳ. ಅವ್ವಗ ಬೇಕಾಗೈತಿ,” ಎಂದು ಅವರು ತಾಯಿಯ ಕಿವಿಯ ಹತ್ತಿರ ಬಗ್ಗಿ ಕೂಗಿದರು. ಬಾಳವ್ವ ಜಪಮಣಿ ಸರಿಸುತ್ತ, “ಗ್ವಾಡಿನೂ ಐತಿ ಬೆನ್ನು ಹಚ್ಚಾಕ,” ಎಂದಳು.

ಸಿದ್ದಲಿಂಗವ್ವ ಒಂದು ಹೆಜ್ಜೆ ಮುಂದೆ ಬಂದಳು. ಆಕೆಯ ದನಿ ಈಗ ಬೇರೆಯಾಗಿತ್ತು. “ಅತ್ತಿಗಿ ಬ್ಯಾಡಾ. ಸುಗರಾಗ ಬ್ಯಾಡಾ. ನನಗೂ ಇದ್ರೂ ಆತು, ಹೋದ್ರೂ ಆತು. ಸಂಜಿ ಆದ್ರ ನೀವು ಇದರ ಮುಂದ ಕುಂದರತೀರಿ, ನಾ ಹಿಂದ ಬಂದು ನಿಂತ್ರೂ ಗೊತ್ತಾಗೂದಿಲ್ಲ. ಹಂಗಾರ ಯಾರಿಗಿ ಬೇಕಾಗೈತಿ, ಖರೇ ಹೇಳ್ರಿ.”

ಗುರುಸಂಗಪ್ಪನವರು ಹೂವಪ್ಪನನ್ನು ನೋಡಿದರು, ಪ್ರಿನ್ಸಿಪಾಲರನ್ನು ನೋಡಿದರು, ಹಗ್ಗ ಹಿಡಿದು ನಿಂತ ಕೂಲಿಯನ್ನೂ ನೋಡಿದರು. ಯಾರೂ ನೆರವಿಗೆ ಬರುವಂತೆ ಕಾಣಲಿಲ್ಲ.

“ನನಗ,” ಎಂದರು. ದನಿ ಅರ್ಧ ಹೊಟ್ಟೆಯಲ್ಲೇ ಉಳಿಯಿತು.

“ಅತ್ತಿಗಿ ಕೇಳಸಲಿಲ್ಲ, ಜೋರಾಗಿ ಹೇಳ್ರಿ,” ಎಂದಳು ಸಿದ್ದಲಿಂಗವ್ವ.

“ನನಗ ಬೇಕಾಗೈತಿ,” ಎಂದು ಅವರು ಪಡಸಾಲೆ ತುಂಬುವಂತೆ ಹೇಳಿದರು. “ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಇದನ್ನ ಬಿಟ್ಟಿರಾಕ ನನಗ ಆಗೂದಿಲ್ಲ.”

ಪ್ರಿನ್ಸಿಪಾಲರು ಸಿಟ್ಟಾಗಲಿಲ್ಲ. ಯಂತ್ರದತ್ತ ಬಗ್ಗಿ, ಮೇಜಿನ ತುದಿಗೆ ಅಂಟಿದ್ದ ಒಂದು ಒಣ ಶಾವಿಗೆ ಎಳೆ ಬಿಡಿಸಿ, ಬೆಳಕಿಗೆ ಹಿಡಿದು, ಅದೇನೆಂದು ಕೇಳಿದರು. ಸುಗರಾ ಹೇಳಿದಳು. ತೋರಿಸಿರಿ ಎಂದರು. ಹಿಟ್ಟು ಕಲಸಿ ತೋರಿಸಿದ್ದಾಯಿತು, ಒತ್ತಿದ್ದಾಯಿತು, ಕುದಿಸಿದ್ದಾಯಿತು. ಎರಡನೆಯ ಸಲ ಹಾಕಿಸಿಕೊಳ್ಳುವಾಗ ಅವರು, “ಇಂಥಾ ಕೆಲಸದ ಮಷಿನ್ ಒಯ್ದು ಕೋಣ್ಯಾಗ ಕಟಕಟಿ ಹಿಂದ ನಿಲ್ಲಿಸಿದ್ರ ನನಗ ಪಾಪ ಬರ್ತದ. ಇಲ್ಲೇ ಇರಲಿ. ವರ್ಷಕ್ಕೊಮ್ಮೆ ಬಂದು ನೋಡಿ ಹೋಗ್ತೇನಿ. ಬ್ಯಾಸಗ್ಯಾಗ,” ಎಂದರು. ಲಾರಿ ಬರಿದೇ ಹೋಯಿತು.

ಆದರೆ ಹಿತ್ತಾಳೆ ಪಟ್ಟಿ ಗುರುಸಂಗಪ್ಪನವರ ಕೈಯಲ್ಲೇ ಉಳಿದಿತ್ತು. ಸಿದ್ದಲಿಂಗವ್ವ ಅದನ್ನು ಇಸಿದುಕೊಂಡು, ತಮ್ಮನಿಂದ ಮತ್ತೊಮ್ಮೆ ಓದಿಸಿದಳು.

“ಪ್ರೀತಿಯ ಕೊಡುಗೆ ಅಂತ ಐತಿ. ಯಾರಿಗಿ ಅಂತ ಬರದಿಲ್ಲಲ್ಲ?”

“ಇಲ್ಲಕ್ಕ,” ಎಂದ ಹೂವಪ್ಪ.

“ಹಂಗಾರ ಚಲೋ ಆತು. ಮದಿವಿ ಆದಾಗಿಂದ ಇವರು ನನಗ ಬಾಯಿಬಿಟ್ಟು ಏನೂ ಕೊಟ್ಟಿದ್ದಿಲ್ಲ. ಹಚ್ಚಿಬಿಡು.”

ಹೂವಪ್ಪ ಅದನ್ನು ಯಂತ್ರದ ತೋಳಿಗೆ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ, ಎರಡು ತಿರುಪು ಹಾಕಿ ಬಿಗಿದ. ಗುರುಸಂಗಪ್ಪನವರು ನೋಡುತ್ತಿದ್ದಂತೆಯೇ ಯಂತ್ರದ ಒಡೆತನ ಹಿತ್ತಾಳೆಯಲ್ಲಿ ಬದಲಾಯಿತು. ಹೊಸ ಒಡತಿ ಅಂದೇ ಷರತ್ತು ಹಾಕಿದಳು: ಒರೆಸುವ ಕೆಲಸ ಮೊದಲಿನಂತೆ ಅವರದೇ; ಹಿಡಿಕೆ ತಿರುವುವ ಕೆಲಸವೂ ಇನ್ನು ಅವರದೇ; ಬಿಟ್ಟಿರಲು ಆಗುವುದಿಲ್ಲವೆಂದು ನಾಲ್ಕು ಮಂದಿಯೆದುರು ಹೇಳಿದವರು ಅವರಲ್ಲವೇ?

ಮುಂದಿನ ಬೇಸಿಗೆಗೆ ಶಾವಿಗೆಯ ಸುದ್ದಿ ಗಜೇಂದ್ರಗಡದವರೆಗೆ ಮುಟ್ಟಿತ್ತು. ಸಂಜೆ ಅಂಗಡಿ ಮುಚ್ಚಿ ಬಂದ ಗುರುಸಂಗಪ್ಪನವರು ಧೋತರ ಮೇಲೆ ಕಟ್ಟಿ ಹಿಡಿಕೆ ತಿರುವುತ್ತಿದ್ದರು. ಸಿದ್ದಲಿಂಗವ್ವ ಅವರ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು ಎಳೆ ಎತ್ತಿಕೊಳ್ಳುತ್ತಿದ್ದಳು. ಇಬ್ಬರೂ ಅದೂ ಇದೂ ಮಾತಾಡುತ್ತಿದ್ದರು. ಇಷ್ಟು ಮಾತು ಅವರ ನಡುವೆ ಹಿಂದೆಂದೂ ಆಗಿರಲಿಲ್ಲ. ಆಗ ಲಕ್ಕಲಕಟ್ಟಿಯಿಂದ ಹಿಟ್ಟಿನ ಬುಟ್ಟಿ ಹೊತ್ತು ಬಂದ ರೇಣವ್ವನೆಂಬ ಮುದುಕಿ ಹಿತ್ತಾಳೆ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ, ಅದರ ಮೇಲೆ ಏನು ಬರೆದಿದೆ ಎಂದು ಕೇಳಿದಳು.

ಗುರುಸಂಗಪ್ಪನವರು ಎದೆ ಸೆಟೆಸಿ, “ನನ್ನ ಹೆಸರು. ಈ ಯಂತ್ರಾ ಕೊಟ್ಟಾಂವ ನಾನ,” ಎಂದರು.

ರೇಣವ್ವ ಅವರ ಬೆವರಿಳಿಯುವ ಮುಖವನ್ನು, ಎಣ್ಣೆಯಾದ ಕೈಗಳನ್ನು ಕರುಣೆಯಿಂದ ನೋಡಿದಳು. “ಕೊಟ್ಟ ಮ್ಯಾಲೂ ನಿಮ್ಮನ್ನ ಬಿಟ್ಟಿಲ್ಲೇನ್ರಿ ಯಪ್ಪಾ?”

ಅವರ ಕೈ ಅರೆಕ್ಷಣ ತಡೆಯಿತು.

“ನಿಲ್ಲಸಬ್ಯಾಡ್ರಿ,” ಎಂದಳು ಸಿದ್ದಲಿಂಗವ್ವ. “ಎಳಿ ಹರೀತಾವ.”

ಗುರುಸಂಗಪ್ಪನವರು ತಿರುವಿದರು.